ಮೂರನೇ ವರ್ಷದಲ್ಲಿ ಮೇಜರ್ ಬದಲಿಸಬೇಕು ಅನ್ನಿಸಿದಾಗ

ಐದನೇ ಸೆಮಿಸ್ಟರ್ ಅರ್ಧ ಆಗಿದ್ದಾಗ ನಾನು ಕೆಮಿಸ್ಟ್ರಿ ಬಿಟ್ಟು ಅಕೌಂಟಿಂಗ್ ತೆಗೆದುಕೊಂಡೆ. ಬದಲಿಸಿದ್ದಕ್ಕೆ ಬೇಜಾರಿಲ್ಲ. ಆದರೆ ಲೆಕ್ಕ ಸರಿಯಾಗಿ ಹಾಕದೆ ಒಂದು ಸೆಮಿಸ್ಟರ್ ಜಾಸ್ತಿ ಓದಬೇಕಾಯಿತು. ಮೂರನೇ ವರ್ಷದಲ್ಲಿ ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ, ಬದಲಿಸಿ ಬಿಸಿನೆಸ್ ಕಡೆಗೆ ಬರಬೇಕು ಅಂತ ಯೋಚಿಸುತ್ತಿದ್ದರೆ ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಬಿಸಿನೆಸ್ ಅನ್ನುವ ಹೆಸರಿನ ಕೆಲಸ ಯಾವುದೂ ಇಲ್ಲ. ಅಕೌಂಟಿಂಗ್‌ನವರ ದಿನವೇ ಬೇರೆ, ಮಾರ್ಕೆಟಿಂಗ್‌ನವರ ದಿನವೇ ಬೇರೆ. ಮಾಲು ಯಾವಾಗ ಎಲ್ಲಿಗೆ ತಲುಪಬೇಕು ಅಂತ ನೋಡಿಕೊಳ್ಳುವವರ ದಿನ ಇನ್ನೂ ಬೇರೆ. ಯಾವುದು ಬೇಕು ಅಂತ ಸುಮ್ನೆ ಯೋಚಿಸುತ್ತಾ ಕೂತರೆ ಗೊತ್ತಾಗುವುದಿಲ್ಲ. ಮೇಜರ್ ಬದಲಿಸುವ ಮುಂಚೆ ಆ ವಿಷಯದ ಒಂದು ಆರಂಭದ ಕೋರ್ಸನ್ನು ಇಲೆಕ್ಟಿವ್ ಆಗಿ ತೆಗೆದುಕೊಳ್ಳಿ. ಅದರ ಹೋಮ್‌ವರ್ಕ್ ಮಾಡುವಾಗ ನಿಮಗೆ ಏನಾಗುತ್ತದೆ ಅಂತ ಗಮನಿಸಿ.

ನನಗೆ ಗೊತ್ತಾಗಿದ್ದು ಹಾಗೆಯೇ. ಒಂದು ರಾತ್ರಿ ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಪಟ್ಟಿ ಮಾಡಿ ಎರಡರ ಮೊತ್ತವೂ ಸಮ ಇದೆಯಾ ಅಂತ ನೋಡುವ ಲೆಕ್ಕ) ತಾಳೆಯಾಗಲಿಲ್ಲ. ಡೆಬಿಟ್ ಮೊತ್ತಕ್ಕೂ ಕ್ರೆಡಿಟ್ ಮೊತ್ತಕ್ಕೂ 270 ವ್ಯತ್ಯಾಸ. ಎರಡು ಸಲ ಕೂಡಿಸಿದೆ, ಅಷ್ಟೇ ಬಂತು. ಪಕ್ಕದಲ್ಲಿ ಕೂತಿದ್ದ ಸೀನಿಯರ್ ಒಬ್ಬಳು, ‘9ರಿಂದ ಭಾಗಿಸಿ ನೋಡು’ ಅಂದಳು. ಸರಿಯಾಗಿ 30 ಬಂತು. ‘ಶೇಷ ಇಲ್ಲ ಅಲ್ವಾ? ಹಾಗಾದರೆ ಎಲ್ಲೋ ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾಗಿರಬಹುದು. 30 ಬಂದಿರುವುದರಿಂದ ನೂರರ ಸ್ಥಾನ, ಹತ್ತರ ಸ್ಥಾನ ನೋಡು. ಆ ಎರಡು ಅಂಕಿಗಳ ನಡುವೆ 3 ವ್ಯತ್ಯಾಸ ಇರುತ್ತೆ.’ ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತಾ ಹೋದೆ. ಹನ್ನೊಂದನೇ ಸಾಲಿನಲ್ಲಿ ಸಿಕ್ಕಿತು. 4,520 ಇರಬೇಕಾದ ಕಡೆ 4,250 ಬರೆದಿದ್ದೆ. ಲ್ಯಾಬ್‌ನಲ್ಲಿ ಟೈಟ್ರೇಶನ್ ಮಾಡುವಾಗ ಯಾವಾಗಲೂ ಗಡಿಯಾರ ನೋಡುತ್ತಿದ್ದವಳು ನಾನು. ಆ ರಾತ್ರಿ ಒಂದು ಸಲವೂ ನೋಡಿರಲಿಲ್ಲ.

ಇಂಥದ್ದೊಂದು ಅನುಭವ ಆಗದಿದ್ದರೆ ಅವಸರಪಡಬೇಡಿ. ಈಗಿನ ವಿಷಯ ಕಷ್ಟ ಅನ್ನುವುದೊಂದೇ ಕಾರಣವಾದರೆ, ಆ ಕಷ್ಟ ಹೊಸ ಮೇಜರ್‌ನಲ್ಲೂ ಬೇರೆ ರೂಪದಲ್ಲಿ ಎದುರಾಗುತ್ತದೆ.

ಈಗ ನಾನು ಎಡವಿದ ಜಾಗಕ್ಕೆ ಬರುತ್ತೇನೆ. ಡಿಗ್ರಿಗೆ 120 ಕ್ರೆಡಿಟ್ (ಕೋರ್ಸ್ ಪಾಸಾದಾಗ ಸಿಗುವ ಯೂನಿಟ್) ಬೇಕಿತ್ತು. ಐದನೇ ಸೆಮಿಸ್ಟರ್ ಮುಗಿದರೆ 75 ಆಗುತ್ತಿತ್ತು. ಉಳಿದಿದ್ದು 45, ಸೆಮಿಸ್ಟರ್‌ಗೆ 15ರಂತೆ ಮೂರು ಸೆಮಿಸ್ಟರ್ ಸಾಕು ಅಂದುಕೊಂಡೆ. ತಪ್ಪಾಗಿದ್ದು ಅಲ್ಲೇ. ಕ್ರೆಡಿಟ್ ಎಷ್ಟು ಬಾಕಿ ಅನ್ನುವುದಕ್ಕಿಂತ, ಯಾವ ಕೋರ್ಸ್ ಆದ ಮೇಲೆ ಯಾವುದು ಅನ್ನುವುದು ಮುಖ್ಯ. ಆರಂಭದ ಅಕೌಂಟಿಂಗ್ ಒಂದು, ಎರಡು, ಅದರ ಮೇಲಿನ ಹಂತದ ಒಂದು, ಎರಡು, ಕೊನೆಗೆ ಆಡಿಟಿಂಗ್, ಅಂದರೆ ಲೆಕ್ಕಪರಿಶೋಧನೆ. ಒಂದನ್ನು ಮುಗಿಸದೆ ಇನ್ನೊಂದಕ್ಕೆ ಸೇರಿಸಿಕೊಳ್ಳುವುದಿಲ್ಲ. ನನ್ನ ಕೈಯಲ್ಲಿ ಮೊದಲನೆಯದು ಮಾತ್ರ ಇತ್ತು. ಇನ್ನು ನಾಲ್ಕು ಬಾಕಿ, ಅಂದರೆ ನಾಲ್ಕು ಸೆಮಿಸ್ಟರ್. ಎರಡನೆಯದನ್ನು ರಜೆಯಲ್ಲಿ ಮುಗಿಸಿಕೊಂಡಿದ್ದರೆ ಸಮಯಕ್ಕೆ ಸರಿಯಾಗಿ ಪಾಸಾಗುತ್ತಿದ್ದೆ.

ಹಾಗಾಗಿ ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಬಲಗಡೆ ತುದಿಯಲ್ಲಿ ಕೊನೆಯ ಕೋರ್ಸ್ ಬರೆಯಿರಿ. ಅದಕ್ಕೆ ಮುಂಚೆ ಯಾವುದು ಆಗಿರಬೇಕು, ಅದಕ್ಕೂ ಮುಂಚೆ ಯಾವುದು ಅಂತ ಬಾಣ ಹಾಕುತ್ತಾ ಎಡಕ್ಕೆ ಬನ್ನಿ. ಅತಿ ಉದ್ದದ ಸರಪಳಿಯಲ್ಲಿ ಎಷ್ಟು ಕೊಂಡಿ ಬಾಕಿ ಇದೆಯೋ ಕಡಿಮೆ ಅಂದರೂ ಅಷ್ಟು ಸೆಮಿಸ್ಟರ್ ಬೇಕು, ರಜೆಯಲ್ಲಿ ಮುಗಿಸುವವು ಬಿಟ್ಟು. ವರ್ಷಕ್ಕೆ ಒಂದೇ ಸಲ ನಡೆಸುವ ಕೋರ್ಸಿಗೆ ಕೆಂಪು ಗೆರೆ ಎಳೆಯಿರಿ. ಅದೊಂದು ತಪ್ಪಿದರೆ ಪೂರ್ತಿ ವರ್ಷ ಕಾಯಬೇಕಾಗುತ್ತದೆ.

ಈ ಹಾಳೆ ಹಿಡಿದು ನೀವು ಸೇರಬೇಕಾದ ವಿಭಾಗದ ಅಡ್ವೈಸರ್ ಹತ್ತಿರ ಹೋಗಿ. ಬಿಡುತ್ತಿರುವ ವಿಭಾಗದವರಿಗೆ ಇದೆಲ್ಲ ಪೂರ್ತಿ ಗೊತ್ತಿರುವುದಿಲ್ಲ. ಮಧ್ಯದಲ್ಲಿ ಬರುವವರಿಗೆ ಅರ್ಜಿಯ ಕೊನೆ ದಿನ ಯಾವುದು, ಎಷ್ಟು ಅಂಕ ಇರಬೇಕು, ನನ್ನ ಹಳೆಯ ಮ್ಯಾಥ್ಸ್, ಸ್ಟಾಟಿಸ್ಟಿಕ್ಸ್ ಲೆಕ್ಕಕ್ಕೆ ಬರುತ್ತಾ ಅಂತ ಕೇಳಿ. ಸ್ಕಾಲರ್‌ಶಿಪ್ ಇದ್ದರೆ ಅದು ಎಷ್ಟು ಸೆಮಿಸ್ಟರ್‌ವರೆಗೆ ಅಂತ ಬೇರೆಯಾಗಿ ವಿಚಾರಿಸಿ. ಅವರು ಹೇಳಿದ್ದನ್ನೆಲ್ಲ ಅದೇ ದಿನ ಇಮೇಲ್‌ನಲ್ಲಿ ಬರೆದು ಕಳಿಸಿ, ಸರಿ ಇದೆ ಅಂತ ಉತ್ತರ ಪಡೆಯಿರಿ. ಬಾಯಿಮಾತನ್ನು ನಂಬಿಕೊಂಡು ಕೂರಬೇಡಿ.

ಬದಲಿಸದೆ ಇರುವ ದಾರಿಯನ್ನೂ ಅದೇ ಹಾಳೆಯ ಹಿಂದೆ ಬರೆಯಿರಿ. ನಿಮಗೆ ಬೇಕಿರುವುದು ಮ್ಯಾನೇಜ್‌ಮೆಂಟ್, ಸೇಲ್ಸ್ ಅಥವಾ ಮಾರ್ಕೆಟಿಂಗ್ ಆಗಿದ್ದು, ಒಂದೇ ವರ್ಷ ಬಾಕಿ ಇದ್ದರೆ, ಹಳೆಯ ಮೇಜರನ್ನೇ ಮುಗಿಸಿ ಅನ್ನುತ್ತೇನೆ. ಜೊತೆಗೆ ಬಿಸಿನೆಸ್‌ನಲ್ಲಿ ಮೈನರ್ (ಮೇಜರ್ ಜೊತೆಗೆ ಓದುವ ಚಿಕ್ಕ ಎರಡನೇ ವಿಷಯ) ಅಥವಾ ಮೂರು ನಾಲ್ಕು ಕೋರ್ಸ್ ಮಾಡಿ, ಒಂದು ಇಂಟರ್ನ್‌ಶಿಪ್ ಹಿಡಿಯಿರಿ. ಎಂಬಿಎಗೆ ಸಾಮಾನ್ಯವಾಗಿ ಯಾವ ಡಿಗ್ರಿಯಾದರೂ ಆಗುತ್ತದೆ. ಇಂದ್ರಾ ನೂಯಿ ಡಿಗ್ರಿಯಲ್ಲಿ ಓದಿದ್ದು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್. ಮ್ಯಾನೇಜ್‌ಮೆಂಟ್ ಓದಿದ್ದು ಆಮೇಲೆ. 2006ರಲ್ಲಿ ಪೆಪ್ಸಿಕೋ ಸಿಇಒ ಆದರು. ಅಕೌಂಟಿಂಗ್ ಕಥೆ ಮಾತ್ರ ಬೇರೆ. ಅಲ್ಲಿ ಲೈಸೆನ್ಸ್‌ಗೆ ಹಲವು ಕಡೆ ಇಂತಿಂಥ ಕೋರ್ಸ್ ಓದಿರಲೇಬೇಕು ಅಂತ ನಿಯಮ ಇದೆ. ನಾನು ಬದಲಿಸಿದ್ದು ಅದಕ್ಕೇ.

ಮನೆಯಲ್ಲಿ ಹೇಳುವಾಗಲೂ ಆ ಹಾಳೆ ಜೊತೆಗಿರಲಿ. ನಾನು ಹಾಳೆ ಇಲ್ಲದೆ, ಬರೀ ಅಳುತ್ತಾ ಹೇಳಿದ್ದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ಯಾವಾಗ ಮುಗಿಯುತ್ತೆ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ವಾರದ ಮೇಲೆ ಬಾಣಗಳಿದ್ದ ಹಾಳೆಯನ್ನು ಅವರ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಬಲಗಡೆಯಿಂದ ಓದುತ್ತಾ ಬಂದರು. ಒಂಬತ್ತನೇ ಸೆಮಿಸ್ಟರ್ ಫೀಸ್ ಎಷ್ಟು ಅಂತ ಕೇಳಿದರು. ಆಮೇಲೆ ಮಾತು ಸುಲಭವಾಯಿತು.

ಇಂಟರ್ವ್ಯೂನಲ್ಲಿ ಯಾಕೆ ಇಷ್ಟು ತಡವಾಗಿ ಬದಲಿಸಿದಿರಿ ಅಂತ ಖಂಡಿತ ಕೇಳುತ್ತಾರೆ. ಹಳೆಯ ವಿಷಯವನ್ನು ಬೈಯಬೇಡಿ. ನಾನು 270ರ ಕಥೆ ಹೇಳಿದೆ. ಕೆಮಿಸ್ಟ್ರಿಯಿಂದ ಏನು ಕಲಿತಿರಿ ಅಂದಾಗ ಲ್ಯಾಬ್ ಪುಸ್ತಕದ ವಿಷಯ ಹೇಳಿದೆ. ಅದರಲ್ಲಿ ತಪ್ಪು ಬರೆದರೆ ಅಳಿಸುವಂತಿಲ್ಲ. ಕೆಳಗಿನ ಅಂಕಿ ಕಾಣುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ತಾರೀಕು ಹಾಕಿ ಸಹಿ ಮಾಡಬೇಕು. ಲೆಕ್ಕದ ಪುಸ್ತಕಕ್ಕೂ ನಾನು ಹಾಗೇ ಗೆರೆ ಎಳೆಯುತ್ತೇನೆ.