ನಮ್ಮ ಹಾಯಿದೋಣಿಯ ಕೀಲ್‌ಗೆ 15 ಕೆ.ಜಿ. ಸೀಸ ಕೂರಿಸಿದ್ದು

ಮಗುಚಿದ ದೋಣಿಯನ್ನು ಒಬ್ಬನೇ ಎತ್ತಿ ನಿಲ್ಲಿಸುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತಾಗಿದ್ದು ಮಾರ್ಕೋನಹಳ್ಳಿ ಜಲಾಶಯದ ನಡುನೀರಿನಲ್ಲಿ, ಆಷಾಢದ ಗಾಳಿಯಲ್ಲಿ. ದೋಣಿಯ ತಳದಿಂದ ನೀರಿಗೆ ಇಳಿಯುವ ಕೀಲ್ ಹಲಗೆಯ ಮೇಲೆ ಹತ್ತಿ ನಿಂತೆ, ಜಗ್ಗಿದೆ, ಹಾಯಿ ನೀರಿನಿಂದ ಒಂದಡಿ ಏಳುತ್ತಿತ್ತು, ಮತ್ತೆ ಹಾಗೇ ಮಲಗುತ್ತಿತ್ತು. ಕೊನೆಗೆ ಮೀನು ಹಿಡಿಯುವವರೊಬ್ಬರು ತೆಪ್ಪದಲ್ಲಿ ಬಂದು ಹಾಯಿಕಂಬದ ತುದಿ ಎತ್ತಿಕೊಟ್ಟರು. "ಸಾರ್, ಇದಕ್ಕೆ ಕೆಳಗೆ ಭಾರವೇ ಇಲ್ವಲ್ಲ" ಅಂದರು. ಸರಿಯಾಗಿಯೇ ಹೇಳಿದ್ದರು.

ದೋಣಿ 14 ಅಡಿಯದು. ಪ್ಲೈವುಡ್, ಇಪಾಕ್ಸಿ ಅಂಟು ತಂದು ತುಮಕೂರಿನ ನಮ್ಮ ಮನೆ ಹಿಂದಿನ ಶೆಡ್‌ನಲ್ಲಿ ನಾನೇ ಕಟ್ಟಿದ್ದು. ಕೀಲ್ ಅಂದರೆ 25 ಮಿ.ಮೀ. ದಪ್ಪದ ಪ್ಲೈವುಡ್ ಹಲಗೆ. ದೋಣಿಯ ನಡುವೆ ಒಂದು ಸೀಳು, ಅದರ ಮೇಲೆ ಉದ್ದನೆಯ ಪೆಟ್ಟಿಗೆ. ಹಲಗೆ ಒಂದು ಬೋಲ್ಟಿನ ಮೇಲೆ ತಿರುಗಿ ಆ ಪೆಟ್ಟಿಗೆಯೊಳಗೆ ಹೋಗಿ ಕೂರುತ್ತದೆ. ನಮ್ಮ ಕಡೆಯ ನೀರಿಗೆ ಎತ್ತಿ ಇಳಿಸುವ ಕೀಲ್ ಬೇಕೇ ಬೇಕು. ದಡದ ಹತ್ತಿರ ಹೂಳು, ಅಲ್ಲಲ್ಲಿ ಮುಳುಗಿದ ಮರದ ಬೊಡ್ಡೆ. ಆದರೆ ಮರದ ಹಲಗೆ ನೀರಿನಲ್ಲಿ ತಾನೇ ತೇಲುತ್ತದೆ, ಅದನ್ನು ಕೆಳಗೆ ಹಿಡಿದಿಡಲಿಕ್ಕೇ ಒಂದು ಹಗ್ಗ ಬೇಕು. ಅದು ದೋಣಿ ಪಕ್ಕಕ್ಕೆ ಜಾರದಂತೆ ನೋಡಿಕೊಳ್ಳುತ್ತದೆ ಅಷ್ಟೇ, ಎದ್ದು ನಿಲ್ಲಲು ಏನೂ ಸಹಾಯ ಮಾಡುವುದಿಲ್ಲ.

ಮೊದಲು ಮಾಡಿದ್ದು ತಪ್ಪು ಕೆಲಸ. ವೆಲ್ಡಿಂಗ್ ಅಂಗಡಿಯಿಂದ ಎರಡು ಕಬ್ಬಿಣದ ತಗಡು ತಂದು ಹಲಗೆಯ ತುದಿಗೆ ಎರಡೂ ಕಡೆ ಬೋಲ್ಟ್ ಹಾಕಿದೆ. ಪೆಟ್ಟಿಗೆಯ ಸೀಳು 32 ಮಿ.ಮೀ. ಮಾತ್ರ. ತಲಾ 3 ಮಿ.ಮೀ. ತಗಡು ಸೇರಿ 31 ಆಯಿತು, ಬೋಲ್ಟಿನ ತಲೆಗಳನ್ನು ತಗಡಿನೊಳಗೆ ಇಳಿಸಿದ್ದೆ, ಕಷ್ಟಪಟ್ಟು ಹೋಗುತ್ತಿತ್ತು. ಒಂದು ತಿಂಗಳಿಗೆ ತಗಡಿನ ಹಿಂದೆ ತುಕ್ಕು ಊದಿಕೊಂಡು ಕೀಲ್ ಅರ್ಧದಲ್ಲಿ ಸಿಕ್ಕಿಕೊಂಡಿತು, ಮೇಲೂ ಇಲ್ಲ ಕೆಳಗೂ ಇಲ್ಲ. ದೋಣಿಯನ್ನು ದಡದಲ್ಲಿ ಅಡ್ಡ ಮಲಗಿಸಿ ಹಾರೆ ಹಾಕಿ ಬಿಡಿಸಿದ್ದಾಯಿತು. ಹಾಗಾಗಿ ಭಾರ ಹಲಗೆಯ ಮೈಮೇಲೆ ಬರಬಾರದು, ಹಲಗೆಯ ಒಳಗೇ ಇರಬೇಕು.

ಒಳಗೆ ಅಂದರೆ ಜಾಗ ಕಡಿಮೆ. ನಾನು ಹಲಗೆಯ ತುದಿಯಲ್ಲಿ ಕೊರೆದ ಕಿಟಕಿ 30 ಸೆಂ.ಮೀ. ಉದ್ದ, 20 ಅಗಲ. ಅದರಲ್ಲಿ 22 ಮಿ.ಮೀ. ದಪ್ಪದ ತುಂಡು ಕೂರಿಸಿದರೆ 1,320 ಘನ ಸೆಂ.ಮೀ. ಆಗುತ್ತದೆ. ಅಷ್ಟೇ ಜಾಗದಲ್ಲಿ ಕಾಂಕ್ರೀಟ್ ಆದರೆ ಸುಮಾರು 3 ಕೆ.ಜಿ., ಅದರಲ್ಲೂ ನೀರೊಳಗೆ ಒಂದು ಕೆ.ಜಿ.ಗಿಂತ ಜಾಸ್ತಿ ಕಳೆದುಹೋಗುತ್ತದೆ. ಕಬ್ಬಿಣ 10 ಕೆ.ಜಿ. ಚಿಲ್ಲರೆ. ಸೀಸ 15 ಕೆ.ಜಿ., ನೀರಿನಲ್ಲೂ ಹದಿಮೂರೂವರೆ ಉಳಿಯುತ್ತದೆ. ಸಣ್ಣ ಸೀಸದ ಗುಂಡುಗಳನ್ನು ಇಪಾಕ್ಸಿಯಲ್ಲಿ ಕಲಸಿ ತುಂಬುವ ದಾರಿಯೂ ಇದೆ, ಬೆಂಕಿಯ ಕೆಲಸ ಬೇಡ ಅನ್ನುವವರಿಗೆ ಅದೇ ಒಳ್ಳೆಯದು. ಆದರೆ ಗುಂಡುಗಳ ನಡುವಿನ ಸಂದೆಲ್ಲ ಇಪಾಕ್ಸಿಯೇ ತುಂಬಿಕೊಳ್ಳುವುದರಿಂದ ಭಾರ ಕಬ್ಬಿಣದಷ್ಟೂ ಬರುವುದಿಲ್ಲ. ನನಗೆ ಜಾಗವೇ ಇರಲಿಲ್ಲ, ಅದಕ್ಕೇ ಎರಕ ಹೊಯ್ದೆ.

ಸೀಸ ಸಿಕ್ಕಿದ್ದು ಗುಜರಿಯಲ್ಲಿ. ಹಳೆ ಕೇಬಲ್ಲಿನ ಮೇಲಿನ ಸೀಸದ ಕವಚ, ಟೈರ್ ಅಂಗಡಿಯವರು ಚಕ್ರಕ್ಕೆ ಬಡಿಯುವ ಸಣ್ಣ ತೂಕಗಳು. ಹಳೆ ಬ್ಯಾಟರಿ ಕಡಿಮೆ ದುಡ್ಡಿಗೆ ಕೊಡುತ್ತೇವೆ ಅಂದರು, ಬೇಡ ಅಂದೆ. ದಯವಿಟ್ಟು ನೀವೂ ಬ್ಯಾಟರಿ ಒಡೆಯಬೇಡಿ. ಅದರಲ್ಲಿ ಆ್ಯಸಿಡ್ ಇರುತ್ತದೆ, ಒಳಗಿನ ಪುಡಿಯೆಲ್ಲ ವಿಷ.

ಸೀಸ ಕರಗುವುದು 327 ಡಿಗ್ರಿಗೆ, ಸೌದೆ ಒಲೆಯೇ ಸಾಕು. ಮನೆಯಿಂದ ದೂರ, ತೋಟದಲ್ಲಿ, ಗಾಳಿ ಬೆನ್ನಿಗೆ ಬರುವಂತೆ ಒಲೆ ಹೂಡಿದೆ. ಮತ್ಯಾವತ್ತೂ ಅಡುಗೆಗೆ ಬಳಸದ ಕಬ್ಬಿಣದ ಬಾಣಲೆ, ಚರ್ಮದ ಕೈಗವಸು, ಶೂ, ಕನ್ನಡಕ, ಮಾಸ್ಕ್. ಮಕ್ಕಳನ್ನು ಆ ಕಡೆ ಬಿಡಲೇ ಇಲ್ಲ. ಎರಕದ ಟ್ರೇಯನ್ನು ಮೊದಲೇ ಒಲೆಯ ಮೇಲಿಟ್ಟು ಚೆನ್ನಾಗಿ ಕಾಯಿಸಬೇಕು, ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಒಂದೇ ಒಂದು ಹನಿ ನೀರಿದ್ದರೂ ಅದು ಆವಿಯಾಗಿ ಸಿಡಿದು ಕಾದ ಸೀಸ ಮುಖಕ್ಕೆ ಹಾರುತ್ತದೆ.

ಕರಗಿದ ಸೀಸ ನೋಡಬೇಕು. ಮೇಲಿನ ಕಿಟ್ಟವನ್ನು ಸೌಟಿನಿಂದ ಪಕ್ಕಕ್ಕೆ ತಳ್ಳಿದರೆ ಕೆಳಗೆ ಕನ್ನಡಿ, ಮೇಲಿನ ಮಾವಿನ ಕೊಂಬೆ ಅದರಲ್ಲಿ ಕಾಣುತ್ತದೆ. ಎರಡು ಉಸಿರು ಎಳೆಯುವಷ್ಟರಲ್ಲಿ ಕನ್ನಡಿಯ ಮೇಲೆ ಹಳದಿ, ನೇರಳೆ, ನೀಲಿ ಬಣ್ಣದ ತೆಳ್ಳನೆ ಕೆನೆ ಕಟ್ಟುತ್ತದೆ. ಮೊದಲ ಸಲ ನಾನು ಸೌಟಿನಲ್ಲಿ ಸ್ವಲ್ಪ ಸ್ವಲ್ಪವೇ ಹೊಯ್ದೆ. ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು ಬಿದ್ದು, ತಣ್ಣಗಾದ ಮೇಲೆ ದೋಸೆ ಮೇಲೆ ದೋಸೆ ಇಟ್ಟ ಹಾಗೆ ಬಿಡಿ ಬಿಡಿಯಾಗಿ ಬಂತು. ಮತ್ತೆ ಕರಗಿಸಿ, ತಮ್ಮನನ್ನು ಕರೆದು, ಇಬ್ಬರೂ ಇಕ್ಕಳದಲ್ಲಿ ಬಾಣಲೆ ಹಿಡಿದು ಒಂದೇ ಸಲಕ್ಕೆ ಸುರಿದೆವು. ಆರುವಾಗ ನಡುವೆ ಸ್ವಲ್ಪ ಕುಗ್ಗಿ ಗುಳಿ ಬಿತ್ತು, ಅದಕ್ಕೆ ಆಮೇಲೆ ಇಪಾಕ್ಸಿ ತುಂಬಿದೆ. ನೇರವಾಗಿ ಹಲಗೆಯ ಕಿಟಕಿಗೇ ಹೊಯ್ಯುವವರೂ ಇದ್ದಾರೆ. ಮರ ಸುಟ್ಟು ಕರಿಯಾದರೆ ಆ ಅಂಚಿಗೆ ಯಾವ ಅಂಟೂ ಹಿಡಿಯುವುದಿಲ್ಲ ಅಂತ ನಾನು ಹಾಗೆ ಮಾಡಲಿಲ್ಲ.

ಕಿಟಕಿಯ ಅಂಚನ್ನು ಒಳಗಡೆಗೆ ವಿ ಆಕಾರದಲ್ಲಿ ಉಜ್ಜಿ, ಸೀಸದ ಅಂಚಿಗೂ ಕಚ್ಚು ಹಾಕಿ, ಗಟ್ಟಿ ಇಪಾಕ್ಸಿ ತುಂಬಿ ಕೂರಿಸಿದೆ. ಜೊತೆಗೆ ಮರದಿಂದ ಸೀಸದೊಳಕ್ಕೆ ನಾಲ್ಕು ಸ್ಟೇನ್‌ಲೆಸ್ ಸರಳು. ಎರಡೂ ಮೈಗೆ ಗ್ಲಾಸ್ ಫೈಬರ್ ಬಟ್ಟೆ ಹೊದಿಸಿ ಸ್ಯಾಂಡ್‌ಪೇಪರ್ ಹಿಡಿದೆ. ಸೀಸಕ್ಕೆ ಸ್ಯಾಂಡ್‌ಪೇಪರ್ ಹಾಕುವಾಗ ಒದ್ದೆ ಮಾಡಿಕೊಂಡೇ ಉಜ್ಜಿ, ಪುಡಿ ಗಾಳಿಗೆ ಏಳಬಾರದು. ಆ ನೀರನ್ನು ಗಿಡಕ್ಕೆ, ಚರಂಡಿಗೆ ಚೆಲ್ಲಬೇಡಿ.

ಇನ್ನು ಎತ್ತುವ ಹಗ್ಗ. ಅದು ಹಲಗೆಗೆ ಕಟ್ಟಿದ್ದು ಬೋಲ್ಟಿನಿಂದ 30 ಸೆಂ.ಮೀ. ದೂರದಲ್ಲಿ, ಸೀಸ ಇರುವುದು ಒಂದು ಮೀಟರ್ ದೂರದಲ್ಲಿ. ನಮ್ಮ ಅಪ್ಪ ನೋಡಿದ ತಕ್ಷಣ "ಇದು ಏತ ಇದ್ದಂಗೆ ಅಲ್ವೇನೋ, ನೀನು ಗಿಡ್ಡ ಕಡೆಯಿಂದ ಎತ್ತಕ್ಕೆ ಹೋಗ್ತಿದೀಯ" ಅಂದರು. ಲೆಕ್ಕ ಹಾಕಿದರೆ 15 ಕೆ.ಜಿ. ಎತ್ತಲು ಹಗ್ಗದ ಮೇಲೆ ಸುಮಾರು 50 ಕೆ.ಜಿ. ಬೀಳುತ್ತದೆ. ನಾಲ್ಕು ಸುತ್ತಿನ ರಾಟೆ ಹಾಕಿದ ಮೇಲೆ ನನ್ನ ಹೆಂಡತಿಯೂ ಕೂತಲ್ಲಿಂದಲೇ ಎತ್ತುತ್ತಾಳೆ.

ಬೆಳಗಿನ ಹೊತ್ತು ಗಾಳಿ ಇಲ್ಲದಾಗ, ಲೈಫ್ ಜಾಕೆಟ್ ಹಾಕಿ, ಬೇಕೆಂದೇ ಮಗುಚಿ ನೋಡಿದೆವು. ಹೆಚ್ಚಾದ ನೀರನ್ನು ಹೊರಗೆ ಎಳೆದು ಬಿಡುವ, ಏರಿಯ ಸೈಫನ್‌ಗಳಿರುವ ಕಡೆಗೆ ನಾವು ಯಾವತ್ತೂ ಹೋಗುವುದಿಲ್ಲ, ಇದನ್ನು ಮಾಡಿದ್ದು ಇನ್ನೊಂದು ತುದಿಯಲ್ಲಿ. ಹಾಯಿಕಂಬ ನೀರಿಗಿಂತ ಕೆಳಗೆ ಹೋಗುತ್ತಿದ್ದ ಹಾಗೇ ಧಡ್ ಅಂತ ಒಂದು ಸದ್ದು. ಕೀಲ್ ಜಾರಿ ಪೆಟ್ಟಿಗೆಯೊಳಗೆ ಬಿದ್ದು ಅದರ ಮೇಲಿನ ಪಟ್ಟಿಯನ್ನೇ ಸೀಳಿತ್ತು. ತಲೆಕೆಳಗಾದಾಗ ಕೀಲ್ ಮೇಲಿರುತ್ತದೆ, ಹಿಡಿದಿಡುವ ಗೂಟವಿಲ್ಲದಿದ್ದರೆ ಒಳಗೆ ಬೀಳಲೇಬೇಕಲ್ಲ. ಸೀಸ ಹೊಯ್ಯುವುದಕ್ಕೆ ನಾಲ್ಕು ದಿನ ತಲೆ ಕೆಡಿಸಿಕೊಂಡವನು ಇದನ್ನು ಯೋಚಿಸಿಯೇ ಇರಲಿಲ್ಲ. ಈಗ ಪೆಟ್ಟಿಗೆಗೂ ಹಲಗೆಗೂ ಸೇರಿ ಒಂದು ಅಡ್ಡ ಗೂಟ ಇದೆ. ಸ್ಟೀಲ್ ಹಾಕಿದರೆ ಬೊಡ್ಡೆಗೆ ತಾಗಿದಾಗ ದೋಣಿಯ ತಳವೇ ಕಿತ್ತುಬರಬಹುದು. ಅದಕ್ಕೆ 12 ಮಿ.ಮೀ. ಗಟ್ಟಿ ಮರದ ಗೂಟ, ಜೋರಾಗಿ ತಾಗಿದರೆ ಮೊದಲು ಅದು ಮುರಿಯಲಿ ಅಂತ. ಹಾಕುವ ಮುಂಚೆ ಶೆಡ್‌ನಲ್ಲಿ ಅದಕ್ಕೆ ಎರಡು ಮೂಟೆ ಸಿಮೆಂಟ್ ತೂಗುಹಾಕಿ ನೋಡಿದ್ದೆ, ತಡೆಯಿತು.

ಎರಡನೇ ಸಲ ಗೂಟ ಹಾಕಿ ಮಗುಚಿದಾಗ ಕೀಲ್ ಹಿಡಿದು ತೂಗಿದ್ದಷ್ಟೇ, ದೋಣಿ ನಿಧಾನಕ್ಕೆ ಎದ್ದು ಕೂತಿತು. ಆದರೆ ಸುಮ್ನೆ ಗಾಳಿಯಲ್ಲಿ ಹೋಗುವಾಗ ಇದರಿಂದ ದೊಡ್ಡ ವ್ಯತ್ಯಾಸ ನಿರೀಕ್ಷಿಸಬೇಡಿ. ದೋಣಿ 15 ಡಿಗ್ರಿ ವಾಲಿದಾಗ ಈ ಸೀಸ ಮಾಡುವ ಕೆಲಸವನ್ನು ನಾನು ಒಂದು ಗೇಣಿನ ಕಾಲು ಭಾಗ ಪಕ್ಕಕ್ಕೆ ಸರಿದು ಕೂತರೂ ಮಾಡಬಹುದು. ದೋಣಿ ಪೂರ್ತಿ ಅಡ್ಡ ಬಿದ್ದಾಗ ಕೂತವರ ಭಾರ ಉಪಯೋಗಕ್ಕೆ ಬರುವುದಿಲ್ಲ, ಸೀಸದ ಬಲ ಮಾತ್ರ ಆಗಲೇ ಎಲ್ಲಕ್ಕಿಂತ ಹೆಚ್ಚು, 15 ಡಿಗ್ರಿಯಲ್ಲಿ ಇದ್ದದ್ದರ ಸುಮಾರು ನಾಲ್ಕು ಪಟ್ಟು. ನಾನು ಸೀಸ ಹಾಕಿದ್ದು ಆ ಹೊತ್ತಿಗಾಗಿ. ಹೊಸ ಭಾರಕ್ಕೆ ತಕ್ಕಂತೆ ಎರಡೂ ಬದಿಯ ಸೀಟಿನ ಕೆಳಗೆ ಫೋಮ್ ಕೂಡ ಜಾಸ್ತಿ ತುಂಬಿದ್ದೇನೆ.

ಈ ಬೇಸಿಗೆಯಲ್ಲಿ ದೋಣಿ ಮೇಲೆಳೆದು ನೋಡಿದಾಗ ಸೀಸದ ಸುತ್ತ ಬಣ್ಣದಲ್ಲಿ ಕೂದಲೆಳೆಯಷ್ಟು ಬಿರುಕು ಇತ್ತು, ಉಜ್ಜಿ ಮತ್ತೆ ಇಪಾಕ್ಸಿ ಹಚ್ಚಿದೆ. ತಿರುಗುವ ಬೋಲ್ಟಿನ ತೂತು ಮೊಟ್ಟೆಯ ಹಾಗೆ ಉದ್ದಕ್ಕೆ ಸವೆದಿದೆ. ಅದಕ್ಕೆ ಹಿತ್ತಾಳೆ ಬುಷ್ ಮಾಡಲು ಲೇತ್ ಅಂಗಡಿಗೆ ಕೊಟ್ಟಿದ್ದೇನೆ. ಆಷಾಢಕ್ಕೆ ಮುಂಚೆ ಕೂರಿಸಬೇಕು.