ಬಿಡಿ ಟ್ರಾನ್ಸಿಸ್ಟರ್‌ನಲ್ಲೇ ಕೇಬಲ್ ಟಿವಿ ಆಂಪ್ಲಿಫೈಯರ್: ನನ್ನ ಅನುಭವ

"ಸುಮ್ನೆ ಒಂದು ಹೈಬ್ರಿಡ್ ಮಾಡ್ಯೂಲ್ ತಂದು ಹಾಕು, ಇದು ಬಿಡಿ ಟ್ರಾನ್ಸಿಸ್ಟರ್‌ನಲ್ಲಿ ಆಗೋ ಕೆಲಸ ಅಲ್ಲ" ಅಂತ ಬಲ್ಲವರೆಲ್ಲ ಹೇಳಿದ್ದರು. ಹೈಬ್ರಿಡ್ ಮಾಡ್ಯೂಲ್ ಅಂದರೆ ಇಡೀ ಆಂಪ್ಲಿಫೈಯರ್ ಸರ್ಕ್ಯೂಟ್ ಒಂದೇ ತುಂಡಾಗಿ ಸಿದ್ಧ ಸಿಗುವ ಭಾಗ. ಈಗ ಬಿಡಿ ಟ್ರಾನ್ಸಿಸ್ಟರ್‌ನಲ್ಲೇ ಕಟ್ಟಿದ ನನ್ನ ಬೋರ್ಡ್ ಎಂಟು ತಿಂಗಳಿಂದ ಮುಚ್ಚಳ ಬಿಚ್ಚದೆ ಓಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೆಯದು ಬಿಎಫ್‌ಆರ್96 ಟ್ರಾನ್ಸಿಸ್ಟರ್ ಹಾಕಿದ ಎರಡು ಹಂತದ ಮಾಮೂಲಿ ಸರ್ಕ್ಯೂಟ್. ಗೇನ್, ಅಂದರೆ ಸಿಗ್ನಲ್ ಬೆಳೆಸುವ ಪ್ರಮಾಣ, ಸುಮಾರು 30 ಡಿಬಿ (ಡೆಸಿಬೆಲ್). ಎರಡು ಚಾನೆಲ್ ಕೊಟ್ಟಾಗ ಚಿತ್ರ ಕನ್ನಡಿ ಹಾಗಿತ್ತು. ಅರವತ್ತು ಚಾನೆಲ್ ಬಿಟ್ಟೆ ನೋಡಿ, ಪರದೆ ಮೇಲೆ ಕಾರಿನ ವೈಪರ್ ಥರದ ಪಟ್ಟಿ ಓಡಾಡತೊಡಗಿತು. ಕ್ರಾಸ್ ಮಾಡ್ಯುಲೇಷನ್, ಅಂದರೆ ಒಂದು ಚಾನೆಲ್‌ನ ಸಿಗ್ನಲ್ ಇನ್ನೊಂದರ ಮೇಲೆ ಹತ್ತಿಕೊಳ್ಳುವುದು. ಗೇನ್ ಯಾರು ಬೇಕಾದರೂ ತೆಗೆಯಬಹುದು. ಅಷ್ಟೂ ಚಾನೆಲ್ ಒಟ್ಟಿಗೆ ಹೊರುವುದೇ ಕಷ್ಟ.

ಹಾಗಾಗಿ ಬಿಎಫ್‌ಜಿ591 ಟ್ರಾನ್ಸಿಸ್ಟರ್ ಜೋಡಿ ತಂದು, ಸಿಗ್ನಲನ್ನು ಎರಡಕ್ಕೂ ವಿರುದ್ಧ ಫೇಸ್‌ನಲ್ಲಿ ಹಂಚಿ ಮತ್ತೆ ಕೂಡಿಸುವ ಪುಶ್-ಪುಲ್‌ಗೆ ಇಳಿದೆ. ಇಲ್ಲಿ ಪೆದ್ದು ಕೆಲಸ ಮಾಡಿದೆ. ಕೇಬಲ್‌ನ 75 ಓಮ್‌ಗೆ ಲೆಕ್ಕ ಹಾಕಿದ 375 ಓಮ್ ಫೀಡ್‌ಬ್ಯಾಕ್, 15 ಓಮ್ ಎಮಿಟರ್ ರೆಸಿಸ್ಟರ್‌ಗಳನ್ನೇ ಎರಡೂ ಕಡೆ ಕೂರಿಸಿಬಿಟ್ಟೆ. ರಿಟರ್ನ್ ಲಾಸ್ (ಸಿಗ್ನಲ್ ಎಷ್ಟು ವಾಪಸ್ ಬರುತ್ತದೆ ಎನ್ನುವ ಅಳತೆ, ಹೆಚ್ಚಿದ್ದಷ್ಟೂ ಒಳ್ಳೆಯದು) ಬಂದಿದ್ದು ಬರೀ 6 ಡಿಬಿ! ಪುಶ್-ಪುಲ್‌ನಲ್ಲಿ ಒಂದೊಂದು ಕಡೆಗೆ ಕಾಣುವುದು ಅರ್ಧ, ಅಂದರೆ 37.5 ಓಮ್, ಅಲ್ವಾ? ಎರಡನ್ನೂ ಅರ್ಧಕ್ಕೆ ಇಳಿಸಿದ ಮೇಲೆ 16ರ ಆಸುಪಾಸಿಗೆ ಬಂತು.

ಆಮೇಲೆ ಇನ್ನೊಂದು ಕಾಟ. ಡಬ್ಬಿ ಮುಟ್ಟಿದರೆ ಲೆವೆಲ್ ಕುಣಿಯುತ್ತಿತ್ತು. ನನ್ನ ಮೀಟರ್ 870 ಮೆಗಾಹರ್ಟ್ಜ್‌ಗೇ ನಿಲ್ಲುತ್ತದೆ, ಅದರಲ್ಲಿ ಏನೂ ಕಾಣಲಿಲ್ಲ. ಒಂದು ದಿನಕ್ಕೆ ಸ್ಪೆಕ್ಟ್ರಮ್ ಅನಲೈಸರ್ ಕಡ ತಂದು ನೋಡಿದರೆ 1.3 ಗಿಗಾಹರ್ಟ್ಜ್ ಹತ್ತಿರ ಆಸಿಲೇಷನ್, ಅಂದರೆ ಸರ್ಕ್ಯೂಟ್ ತಾನೇ ಸಿಗ್ನಲ್ ಹುಟ್ಟಿಸಿಕೊಳ್ಳುತ್ತಿತ್ತು. ಎಮಿಟರ್‌ನಿಂದ ಗ್ರೌಂಡ್‌ಗೆ ದಾರಿ ಉದ್ದವಾಗಿತ್ತು. ಈ ಟ್ರಾನ್ಸಿಸ್ಟರ್‌ಗೆ ಎಮಿಟರ್ ಕಾಲು ಎರಡು. ಒಂದೊಂದಕ್ಕೂ 15 ಓಮ್ ಚಿಪ್ ರೆಸಿಸ್ಟರ್ ಹಾಕಿ, ಪಕ್ಕದಲ್ಲೇ ತೂತು ಕೊರೆದು ಕೆಳಗಿನ ತಾಮ್ರಕ್ಕೆ ಇಳಿಸಿದೆ. 7.5 ಓಮ್ ಸಿಕ್ಕಿತು, ಇಂಡಕ್ಟೆನ್ಸೂ ಇಳಿಯಿತು. ಬೇಸ್‌ಗೆ 10 ಓಮ್ ಕೊಟ್ಟ ಮೇಲೆ ಪೂರ್ತಿ ತೆಪ್ಪಗಾಯಿತು.

ಸುಟ್ಟಿದ್ದೂ ಕಮ್ಮಿ ಇಲ್ಲ. 12 ವೋಲ್ಟ್, 70 ಮಿಲಿಆಂಪ್ ಅಂದರೆ ಉಗುರಿನಷ್ಟು ವಸ್ತುವಿನ ಮೇಲೆ ಮುಕ್ಕಾಲು ವ್ಯಾಟ್‌ಗಿಂತ ಜಾಸ್ತಿ. ಕಲೆಕ್ಟರ್ ಕೆಳಗೆ ತಾಮ್ರ ಸಾಲದೆ ನಾಲ್ಕೋ ಐದೋ ಹೋದವು. ಹೆದರಿ ಕರೆಂಟ್ 40ಕ್ಕೆ ಇಳಿಸಿದೆ. ಗೇನ್ ಹಾಗೇ ಇತ್ತು, ಆದರೆ ಸಿಟಿಬಿ (ಹಲವು ಚಾನೆಲ್ ಬೆರೆತು ಹುಟ್ಟುವ ವಿಕೃತಿಯ ಅಳತೆ) ಕೆಟ್ಟು ಕೂತಿತು. ಮತ್ತೆ 70ಕ್ಕೇ ಏರಿಸಿ, ತಾಮ್ರ ಅಗಲ ಮಾಡಿದೆ.

ಪುಶ್-ಪುಲ್‌ನ ಟ್ರಾನ್ಸ್‌ಫಾರ್ಮರ್ ಸುತ್ತುವ ಫೆರೈಟ್ ಕೋರ್‌ಗೆ ಮಾತ್ರ ಕಾಸು ಕೊಟ್ಟಿಲ್ಲ. ಕೆಟ್ಟ ಸ್ಪ್ಲಿಟರ್‌ಗಳನ್ನು ಒಡೆದು ಎರಡು ತೂತಿನ ಕೋರ್ ತೆಗೆದೆ. ಹಳೆಯ 300 ಓಮ್ ಬಾಲನ್‌ನ (ಆಂಟೆನಾ ತಂತಿಯನ್ನು ಕೇಬಲ್‌ಗೆ ಹೊಂದಿಸುವ ಭಾಗ) ಕೋರನ್ನೂ ಪರೀಕ್ಷಿಸಿದೆ. ಕೆಳಗಿನ ಬ್ಯಾಂಡ್‌ನಲ್ಲಿ ಚೆನ್ನಾಗಿತ್ತು, 600 ಮೆಗಾಹರ್ಟ್ಜ್ ದಾಟಿದ ಮೇಲೆ ಜಾರಿತು.

ಕೇಬಲ್ ಟಿಲ್ಟ್ ಇದ್ದೇ ಇದೆ. ನೂರು ಮೀಟರ್ ಆರ್‌ಜಿ6ನಲ್ಲಿ 55 ಮೆಗಾಹರ್ಟ್ಜ್‌ಗೆ 5 ಡಿಬಿ ಹೋದರೆ 860ಕ್ಕೆ 20 ಹೋಗುತ್ತದೆ. ಈ ವ್ಯತ್ಯಾಸ ಸರಿದೂಗಿಸುವ ಈಕ್ವಲೈಸರನ್ನು ಎರಡು ಹಂತಗಳ ನಡುವೆ ಇಟ್ಟೆ. ಮೊದಲ ಹಂತದ ಮುಂದೆ ಇಟ್ಟರೆ ನಾಯ್ಸ್ ಹೆಚ್ಚುತ್ತದೆ.

ಕೊನೆಗೆ ನಿಂತಿದ್ದು 22 ಡಿಬಿ ಗೇನ್, 47ರಿಂದ 862 ಮೆಗಾಹರ್ಟ್ಜ್‌ವರೆಗೆ ಏರಿಳಿತ ಒಂದು ಡಿಬಿ ಒಳಗೆ. ಔಟ್‌ಪುಟ್ ಜಾಸ್ತಿ ಎಳೆಯಲಿಲ್ಲ. ಒಂದು ಡಿಬಿ ಇಳಿಸಿದರೆ ಸಿಟಿಬಿ ಎರಡು ಡಿಬಿ ಸುಧಾರಿಸುತ್ತದೆ, ಮತ್ತೇಕೆ ಆಸೆ? ಮೇಲಿನ ತುದಿ ಎತ್ತಲು ಎಮಿಟರ್‌ಗೆ ಒಂದು ಪುಟ್ಟ ಕೆಪಾಸಿಟರ್ ಇದೆ.

ದುಡ್ಡಿನ ಲೆಕ್ಕ ಹೇಳಿದರೆ ನಗುತ್ತೀರಿ. ತಪ್ಪುಗಳೆಲ್ಲ ಸೇರಿ ಮಾಡ್ಯೂಲ್‌ನ ಎರಡು ಪಟ್ಟು ಹೋಗಿದೆ. ಎರಡನೇ ಬೋರ್ಡ್ ಮಾತ್ರ ಅದರ ಮೂರನೇ ಒಂದು ಭಾಗದಲ್ಲಿ ಮುಗಿಯಿತು. ಮಾಡ್ಯೂಲ್ ಹಾಕು ಅಂದವರೊಬ್ಬರು ಮೊನ್ನೆ ಪಿಸಿಬಿ ಫೈಲ್ ಕೇಳಿದರು. ಕೊಟ್ಟೆ, ಆ ಕೆಪಾಸಿಟರ್‌ನ ವ್ಯಾಲ್ಯೂ ಒಂದು ಅಳಿಸಿ.