ಕ್ಯಾಮೆರಾ ಮುಂದೆ ನಟಿಸಲು ಯಾವ ಕೋರ್ಸ್ ಓದಬೇಕು?

ಸಿನಿಮಾ ಅಥವಾ ಧಾರಾವಾಹಿ ನಟನೆಯನ್ನೇ ವೃತ್ತಿಯಾಗಿಸಿಕೊಳ್ಳಬೇಕೆನ್ನುವ ಕನ್ನಡಿಗರ ಮುಂದೆ ಸದ್ಯ ಮೂರು ದಾರಿಗಳಿವೆ: ರಂಗಶಿಕ್ಷಣ, ಚಲನಚಿತ್ರ ಸಂಸ್ಥೆಗಳ ನಟನಾ ವಿಭಾಗ ಮತ್ತು ಖಾಸಗಿ ತರಬೇತಿ ಕೇಂದ್ರ. ಇವುಗಳಲ್ಲಿ ಒಂದನ್ನು ಆರಿಸುವ ಮೊದಲು ನಿಮ್ಮ ವಿದ್ಯಾರ್ಹತೆ ಏನು, ಕೆಲಸ ಬಿಟ್ಟು ಒಂದು ವರ್ಷ ಹೊರಗಿರಲು ಮನೆಯ ಪರಿಸ್ಥಿತಿ ಒಪ್ಪುತ್ತದೆಯೇ, ಯಾವ ಭಾಷೆಯಲ್ಲಿ ನಟಿಸಬೇಕೆಂದಿದ್ದೀರಿ ಎಂಬುದನ್ನು ಖಚಿತಪಡಿಸಿಕೊಳ್ಳಿ. ಭಾಷೆಯ ಬಗ್ಗೆ ಹೆಚ್ಚಿನವರು ಯೋಚಿಸುವುದೇ ಇಲ್ಲ.

ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದಲ್ಲಿ ಪರದೆಯ ನಟನೆಗೆಂದೇ ಎರಡು ವರ್ಷಗಳ ಸ್ನಾತಕೋತ್ತರ ಕೋರ್ಸ್ ಇದೆ. ಅದಕ್ಕೆ ಪದವಿ ಬೇಕು, ಪ್ರವೇಶ ಪರೀಕ್ಷೆ ಮತ್ತು ಆಡಿಷನ್ ದಾಟಬೇಕು. 1959ರಲ್ಲಿ ಸ್ಥಾಪನೆಯಾದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷಗಳ ಡಿಪ್ಲೊಮಾಕ್ಕೆ ಪದವಿಯ ಜೊತೆಗೆ ನಾಟಕಗಳಲ್ಲಿ ದುಡಿದ ಅನುಭವವನ್ನೂ ಕೇಳುತ್ತಾರೆ. ಇದೇ ಶಾಲೆಯ ಬೆಂಗಳೂರು ಕೇಂದ್ರದಲ್ಲಿ ಒಂದು ವರ್ಷದ ತರಬೇತಿ ನಡೆಯುತ್ತದೆ. ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ ಹೆಸರುವಾಸಿಯಾಗಿರುವುದು ಛಾಯಾಗ್ರಹಣ ಮತ್ತು ಧ್ವನಿಗ್ರಹಣಕ್ಕೆ; ನಟನೆ ಕಲಿಯುವ ಉದ್ದೇಶದಿಂದ ಅಲ್ಲಿಗೆ ಅರ್ಜಿ ಹಾಕುವುದು ವ್ಯರ್ಥ.

ಕನ್ನಡದಲ್ಲೇ ನಟಿಸುವ ಗುರಿಯಿದ್ದು, ಇನ್ನೂ ರಂಗವನ್ನೇ ಹತ್ತದವರಿಗೆ ನಾನು ಸೂಚಿಸುವುದು ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರವನ್ನೋ ಮೈಸೂರಿನ ರಂಗಾಯಣದ ತರಬೇತಿಯನ್ನೋ. 1980ರಲ್ಲಿ ಆರಂಭವಾದ ಹೆಗ್ಗೋಡಿನ ಕೇಂದ್ರದ ಕೋರ್ಸ್ ವಸತಿಸಹಿತವಾದದ್ದು. ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಅವರಂಥ ನಟರು ಅಲ್ಲಿಂದ ಬಂದವರು. ಅಲ್ಲಿ ಶಿಕ್ಷಣ ಮುಗಿಸಿದವರು ನೀನಾಸಮ್‌ನ ಸಂಚಾರಿ ನಾಟಕ ತಂಡವಾದ ‘ತಿರುಗಾಟ’ಕ್ಕೆ ಆಯ್ಕೆಯಾದರೆ, ಅದೇ ನಾಟಕವನ್ನು ಊರಿಂದೂರಿಗೆ, ಬೇರೆ ಬೇರೆ ಪ್ರೇಕ್ಷಕರ ಎದುರು ತಿಂಗಳುಗಟ್ಟಲೆ ಆಡಬೇಕಾಗುತ್ತದೆ. ಒಂದೇ ಮಾತನ್ನು ನೂರನೆಯ ಸಲವೂ ಹೊಸದಾಗಿ ಆಡುವ ಈ ಅಭ್ಯಾಸ, ಹತ್ತನೇ ಟೇಕ್‌ನಲ್ಲಿ ನಿರ್ದೇಶಕರು ‘ಇನ್ನೊಂದು’ ಎಂದಾಗ ನೆರವಿಗೆ ಬರುತ್ತದೆ. ಜೊತೆಗೆ ನಮ್ಮ ಸಿನಿಮಾಗಳಲ್ಲಿ ಡಬ್ಬಿಂಗ್ ಇನ್ನೂ ಸಾಮಾನ್ಯವಾದ್ದರಿಂದ, ಚಿತ್ರೀಕರಣ ಮುಗಿದು ಎಷ್ಟೋ ದಿನಗಳಾದ ಮೇಲೆ ಸ್ಟುಡಿಯೋದ ಕತ್ತಲಲ್ಲಿ ನಿಂತು ಅದೇ ಉಸಿರು, ಅದೇ ಭಾವವನ್ನು ಧ್ವನಿಯೊಂದರಲ್ಲೇ ಮರಳಿ ತರಬೇಕು. ಉಚ್ಚಾರ ಕೆಟ್ಟಿದ್ದರೆ ನಿಮ್ಮ ಪಾತ್ರಕ್ಕೆ ಬೇರೆಯವರ ಕಂಠ ಬಂದೀತು.

ಆದರೆ ರಂಗಶಿಕ್ಷಣವೊಂದೇ ಸಾಲದು. ಕ್ಯಾಮೆರಾದ ಲೆಕ್ಕವೇ ಬೇರೆ. ಒಂದು ದೃಶ್ಯವನ್ನು ಮೊದಲು ದೂರದಿಂದ, ಆಮೇಲೆ ಕ್ಲೋಸಪ್‌ನಲ್ಲಿ ತೆಗೆಯುವಾಗ, ‘ಅಪ್ಪ ಹೋಗಿಬಿಟ್ರು’ ಎಂಬ ಮಾತಿನ ಯಾವ ಪದಕ್ಕೆ ಕಾಫಿ ಲೋಟ ಎತ್ತಿದಿರೋ ಪ್ರತಿ ಸಲವೂ ಅದೇ ಪದಕ್ಕೆ, ಅದೇ ಕೈಯಲ್ಲಿ ಎತ್ತದಿದ್ದರೆ ಸಂಕಲನಕಾರರು ನಿಮ್ಮ ಒಳ್ಳೆಯ ಟೇಕನ್ನೇ ಕೈಬಿಡಬೇಕಾಗುತ್ತದೆ. ನೆಲದ ಗುರುತನ್ನು ನೋಡದೆಯೇ ಅದರ ಮೇಲೆ ಬಂದು ನಿಲ್ಲುವುದು, ಎದುರಿಗೆ ಸಹನಟರೇ ಇಲ್ಲದಿದ್ದರೂ ದೃಷ್ಟಿಯನ್ನು ಸರಿಯಾದ ಎತ್ತರದಲ್ಲಿ ಇಡುವುದು, ಕೊನೆಯ ದೃಶ್ಯವನ್ನು ಮೊದಲ ದಿನವೇ ಆಡುವುದು, ಇವೆಲ್ಲ ಕ್ಯಾಮೆರಾ ಎದುರಿನ ಅಭ್ಯಾಸದಿಂದ ಮಾತ್ರ ಬರುವಂಥವು. ಹೀಗಾಗಿ ರಂಗದ ಬುನಾದಿ ಈಗಾಗಲೇ ಇರುವವರು ಕ್ಯಾಮೆರಾ ನಟನೆಯ ಕಿರುಅವಧಿಯ ಕೋರ್ಸ್ ಸೇರಿದರೆ ಸಾಕು.

ಖಾಸಗಿ ಕೇಂದ್ರಗಳಿಂದ ಪ್ರಯೋಜನವಾಗುವುದು ಇಲ್ಲಿಯೇ. ಮೋಸ ಹೋಗುವವರು ಹೆಚ್ಚಿರುವುದೂ ಇಲ್ಲಿಯೇ. ಗೋಡೆಗೆ ತೂಗುಹಾಕಿದ ತಾರೆಯರ ಫೋಟೋಗಳನ್ನು ಬಿಟ್ಟು ಪಠ್ಯಕ್ರಮವನ್ನು ಕೇಳಿ ನೋಡಿ. ವಾರಕ್ಕೆ ಎಷ್ಟು ಗಂಟೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಕ್ಯಾಮೆರಾ ಎದುರು ನಿಲ್ಲುತ್ತಾನೆ, ತೆಗೆದದ್ದನ್ನು ತರಗತಿಯಲ್ಲೇ ಹಾಕಿ ಚರ್ಚಿಸುತ್ತಾರೆಯೇ, ಒಂದು ತಂಡದಲ್ಲಿ ಎಷ್ಟು ಜನ, ಜಾಹೀರಾತಿನಲ್ಲಿ ಹೆಸರಿರುವ ನಟರು ನಿಜಕ್ಕೂ ಪಾಠ ಮಾಡುತ್ತಾರೆಯೇ ಅಥವಾ ಉದ್ಘಾಟನೆಗೆ ಬಂದು ಹೋಗುತ್ತಾರೆಯೇ ಎಂದು ವಿಚಾರಿಸಿ. ಸಾಧ್ಯವಾದರೆ ಒಂದು ತರಗತಿಯಲ್ಲಿ ಕುಳಿತು ನೋಡಲು ಅನುಮತಿ ಪಡೆಯಿರಿ, ಹಳೆಯ ವಿದ್ಯಾರ್ಥಿಗಳಿಬ್ಬರನ್ನು ನೀವೇ ಹುಡುಕಿ ಮಾತನಾಡಿಸಿ. ಶುಲ್ಕವನ್ನು ಕಂತುಗಳಲ್ಲಿ ಕಟ್ಟಿ, ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಿಂದಿರುಗಿಸುತ್ತಾರೆ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ. ಪಾತ್ರ ಕೊಡಿಸುತ್ತೇವೆಂದು ಶುಲ್ಕದ ಮೇಲೆ ಪ್ರತ್ಯೇಕ ಹಣ ಕೇಳಿದರೆ ಅಂಥ ಕಡೆ ಸೇರಲೇಬೇಡಿ.